ಸ್ಲೈಡ್ ಒಂದ, ಹೆಸರು ಎರಡು: ಒಲಿಗೊಸ್ಫೇರಿಡಿಯಂ ಹೌದೋ ಅಲ್ಲೋ ನೋಡಿ ಹೇಳ್ರಿ

ಕೊಥ್ರೂಡ್_ಧಾರವಾಡದಾಕಿ (ಪುಣೆ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಪುಣೆದಾಗ ಎಂ.ಎಸ್ಸಿ. ಜಿಯಾಲಜಿ ಮಾಡಾಕತ್ತೇನಿ. ಡಿಸರ್ಟೇಶನ್‌ಗಂತ ನಮ್ಮ ಡಿಪಾರ್ಟ್‌ಮೆಂಟಿನ ಕಪಾಟಿನ್ಯಾಗ ಭಾಳ ವರ್ಷದಿಂದ ಬಿದ್ದಿದ್ದ ಒಂದು ಪೆಟ್ಟಿಗಿ ಸ್ಲೈಡ್ ಕೊಟ್ಟಾರ. ತಮಿಳುನಾಡಿನ ಅರಿಯಲೂರು ಕಡಿ ಕ್ರಿಟೇಶಿಯಸ್ (ಡೈನೋಸಾರ್ ಕಾಲದ ಕೊನೀ ಯುಗ) ಶೇಲ್ ಕಲ್ಲು, ಕಾರೈ ಅಂತ ಬರದೈತಿ. ಅದ್ರಾಗ ಒಂದು ಡೈನೊಫ್ಲ್ಯಾಜೆಲೇಟ್ (ನೀರಾಗಿನ ಒಂದ ಕೋಶದ ಜೀವಿ) ಸಿಸ್ಟ್, ಅಂದ್ರ ಆ ಜೀವಿ ಒಳಗ ಮಲಗೂ ಗಟ್ಟಿ ಚೀಲ, ಭಾಳ ಚಂದ ಉಳದೈತಿ. ನಡುವ ದುಂಡನ್ನ ಮೈ, ಅಳದ್ರ 45 ಮೈಕ್ರಾನ್ ಆಜೂಬಾಜು. ಮೈ ಸುತ್ತ ಟೊಳ್ಳ ಕೊಳವಿಯಂಥ ಪ್ರೋಸೆಸ್, ತುದಿ ಅರಳಿ ಅಂಚಿನ್ಯಾಗ ಸಣ್ಣ ಸಣ್ಣ ಮುಳ್ಳು. ಒಂದ ಕಡಿ ತಲಿಭಾಗ ಹಾರಿಹೋಗೇತಿ, ಆ ಬಾಯಿ ಅಂಚು ಅಂಕುಡೊಂಕು ಐತಿ.

ಲೇಬಲ್ ಮ್ಯಾಲ ಹಿಸ್ಟ್ರಿಕೊಸ್ಫೇರಿಡಿಯಂ ಕಾಂಪ್ಲೆಕ್ಸ್ ಅಂತ ಶಾಯಿಲೆ ಬರದಾರ. ನಮ್ಮ ಸರ್ ಅದನ್ನ ಇಟ್ಕೊ ಅಂತಾರ, ಸೀನಿಯರ್ ಒಬ್ಬಾಕಿ ಅದು ಒಲಿಗೊಸ್ಫೇರಿಡಿಯಂ ಕಾಂಪ್ಲೆಕ್ಸ್ ಅಂತಾಳ. ಎರಡೂ ಮುಳ್ಳಮುಳ್ಳ, ಎರಡೂ ದುಂಡಗ. ಯಾವ ಗುಣ ನೋಡಿ ಬ್ಯಾರೆ ಮಾಡೂದು? ಮತ್ತ ಮುಂದ ಯಾವ ಕುಟುಂಬ, ಯಾವ ಗಣ ಅಂತ ಬರೀಬೇಕು? ವೈವಾದಾಗ ಕೇಳೇ ಕೇಳ್ತಾರ.

ವಾಸ್ಕೊ_ವಿಜಾಪುರ (ಗೋವಾ)

ನನಗೇನೂ ತಿಳಿಯಂಗಿಲ್ಲ ಆದ್ರ ಓದಾಕ ಕುಂತೇನಿ. ಫೋಟೋ ಹಾಕವ್ವಾ.

ಪಿಂಪ್ರಿ_ಪ್ರಶ್ನೆ (ಪುಣೆ)

ಯಾವುದಾದ್ರೂ ಇಮೇಜ್ ಸರ್ಚ್ ಆಪ್‌ಗೆ ಹಾಕಿದ್ರೆ ಎರಡು ಸೆಕೆಂಡಲ್ಲಿ ಹೇಳಲ್ವಾ?

ಡೊಂಬಿವಲಿ_ಡ್ರಿಲ್ (ಮುಂಬೈ)

ಹೇಳುತ್ತೆ, ಏನೋ ಒಂದು ಹೇಳುತ್ತೆ. ಒಂದೇ ಫೋಟೋದಲ್ಲಿ ಒಂದೇ ಫೋಕಸ್ ಇರೋದು ಕಣಪ್ಪಾ, ಈ ಸಿಸ್ಟ್‌ನ ಗುರುತು ಹಿಡಿಯೋಕೆ ಮೇಲಿನ ಗೋಡೆಯಿಂದ ಕೆಳಗಿನ ಗೋಡೆ ತನಕ ಫೈನ್ ಫೋಕಸ್ ತಿರುಗಿಸ್ತಾ ಇಳೀಬೇಕು. ಸಪಾಟು ಚಿತ್ರ ನೋಡಿದ್ರೆ ಎಲ್ಲಾ ಮುಳ್ಳೂ ಒಂದರ ಮೇಲೊಂದು ಬಿದ್ದು ಯಾವುದು ಎಲ್ಲಿಂದ ಎದ್ದಿದೆ ಅಂತ ಗೊತ್ತೇ ಆಗಲ್ಲ. ಈ ಹುಡುಗಿ ಕೇಳಿರೋ ಪ್ರಶ್ನೆಗೆ ಉತ್ತರ ಇರೋದೇ ಅಲ್ಲಿ, ಮುಳ್ಳು ಹೇಗಿದೆ ಅನ್ನೋದರಲ್ಲಿ ಅಲ್ಲ, ಎಲ್ಲಿಂದ ಎದ್ದಿದೆ ಅನ್ನೋದರಲ್ಲಿ.

ನಾನು ತೈಲ ಬಾವಿಗಳ ಸ್ಯಾಂಪಲ್ ನೋಡ್ತಾ ಸರ್ವಿಸ್ ಮುಗಿಸಿದವನು. ಹೇಳ್ತೀನಿ ಕೇಳಮ್ಮ. ಡೈನೊಫ್ಲ್ಯಾಜೆಲೇಟ್ ಜೀವಂತ ಈಜಾಡುವಾಗ ಅದರ ಮೈ ಮೇಲೆ ಪ್ಲೇಟ್‌ಗಳು ಇರ್ತವೆ. ನಡುವಲ್ಲಿ ಒಂದು ಅಡ್ಡ ತೋಡು, ಅದು ಸಿಂಗ್ಯುಲಮ್. ಕೆಳಗೆ ಇಳಿಯೋ ಉದ್ದ ತೋಡು ಸಲ್ಕಸ್. ಒಂದು ಫ್ಲ್ಯಾಜೆಲ್ಲಮ್, ಅಂದ್ರೆ ಈಜೋ ಚಾಟಿ, ಅಡ್ಡ ತೋಡಲ್ಲಿ, ಇನ್ನೊಂದು ಉದ್ದ ತೋಡಲ್ಲಿ. ಸಿಸ್ಟ್ ಆದಾಗ ಆ ಪ್ಲೇಟ್‌ಗಳು ಸಿಗಲ್ಲ, ಆದ್ರೆ ಪ್ಲೇಟ್‌ಗಳ ಲೆಕ್ಕ ಸಿಸ್ಟ್ ಮೇಲೆ ಉಳಿದಿರುತ್ತೆ. ಒಲಿಗೊಸ್ಫೇರಿಡಿಯಂನಲ್ಲಿ ಒಂದೊಂದು ಪ್ಲೇಟ್‌ನ ನಡುಮಧ್ಯದಿಂದ ಒಂದೊಂದೇ ಪ್ರೋಸೆಸ್ ಏಳುತ್ತೆ, ಮತ್ತು ಸಿಂಗ್ಯುಲಮ್ ಜಾಗ ಖಾಲಿ. ಹಿಸ್ಟ್ರಿಕೊಸ್ಫೇರಿಡಿಯಂನಲ್ಲಿ, ಅಂದ್ರೆ ಅದರ ಟೈಪ್ ಪ್ರಭೇದ (ಕುಲದ ಹೆಸರಿಗೆ ಮಾದರಿಯಾದದ್ದು) ಟ್ಯೂಬಿಫೆರಂನಲ್ಲಿ, ಸಿಂಗ್ಯುಲಮ್ ಮೇಲೂ ಪ್ರೋಸೆಸ್ ಸಾಲು ಇರುತ್ತೆ. ನಿಮ್ಮ ಸ್ಲೈಡಲ್ಲಿ ನಡು ಬೆಲ್ಟು ಬೋಳಾಗಿದೆಯೋ ಇಲ್ವೋ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಕೊಥ್ರೂಡ್_ಧಾರವಾಡದಾಕಿ

ಸರ್ ಭಾಳ ಥ್ಯಾಂಕ್ಸ್. ಆದ್ರ ನಂದು ಸಿಸ್ಟ್ ಸ್ವಲ್ಪ ವಾರಿ ಬಿದ್ದೈತಿ, ನಡು ಯಾವುದು ಮ್ಯಾಲ ಯಾವುದು ಅಂತನ ಮೊದಲು ಗೊತ್ತಾಗವಲ್ದು. ಏನು ಹಿಡಕೊಂಡು ಓರಿಯೆಂಟ್ ಮಾಡೂದು?

ದೋಣಾಪಾವ್ಲ_ದಂಡೆ (ಗೋವಾ)

ಹಾರಿಹೋದ ತಲೆಯನ್ನೇ ಹಿಡ್ಕೊಳ್ಳಿ. ಆ ಬಾಯಿಗೆ ಆರ್ಕಿಯೊಪೈಲ್ ಅಂತ. ಒಳಗೆ ಮಲಗಿದ್ದ ಜೀವ ಹೊರಗೆ ಬರ್ಲಿಕ್ಕೆ ಸಿಸ್ಟ್‌ನಲ್ಲಿ ಮೊದಲೇ ಇಟ್ಕೊಂಡ ಬಾಗಿಲು ಅದು, ಎಲ್ಲೆಂದರಲ್ಲಿ ಒಡೆಯುವುದಲ್ಲ, ಪ್ಲೇಟ್‌ನ ಗಡಿಯಲ್ಲೇ ಒಡೆಯುವುದು. ಕಳಚಿಹೋದ ಮುಚ್ಚಳಕ್ಕೆ ಒಪರ್ಕ್ಯುಲಮ್ ಅಂತ. ನಿಮ್ಮದರಲ್ಲಿ ತುದಿಯ ನಾಲ್ಕು ಏಪಿಕಲ್ ಪ್ಲೇಟ್ ಒಟ್ಟಿಗೇ ಹೋಗಿದೆ ಅಂತ ಕಾಣ್ತದೆ, ಅಂಚು ಅಂಕುಡೊಂಕು ಇದೆ ಅಂದಿರಲ್ಲ, ಆ ಒಂದೊಂದು ಕೋನವೂ ಎರಡು ಪ್ಲೇಟ್‌ಗಳ ನಡುವಿನ ಹೊಲಿಗೆಗೆ ಸರಿಯಾಗಿ ಉಂಟು. ಅಂಚಲ್ಲಿ ಒಂದು ಕಡೆ ಸ್ವಲ್ಪ ಆಳದ ಕಚ್ಚು ಕಾಣ್ಬೇಕು, ಅದು ಸಲ್ಕಸ್ ಬರುವ ಬದಿ, ಅಂದ್ರೆ ಹೊಟ್ಟೆಯ ಬದಿ. ಆ ಕಚ್ಚು ಸಿಕ್ಕಿದ ಮೇಲೆ ಬಾಯಿಯಿಂದ ಕೆಳಗೆ ಪ್ರೋಸೆಸ್ ಲೆಕ್ಕ ಹಾಕ್ಲಿಕ್ಕೆ ಸುರು ಮಾಡಿ. ಮೊದಲ ಸುತ್ತಲ್ಲಿ ಆರು ಪ್ರೀಸಿಂಗ್ಯುಲರ್, ಅಂದ್ರೆ ಸಿಂಗ್ಯುಲಮ್‌ನ ಮೇಲಿನವು. ಆಮೇಲೆ ಖಾಲಿ ಬೆಲ್ಟ್. ಅದರ ಕೆಳಗೆ ಪೋಸ್ಟ್‌ಸಿಂಗ್ಯುಲರ್ ಸಾಲು, ಅದರಲ್ಲಿ ಸಲ್ಕಸ್ ಹತ್ತಿರದ ಒಂದು ಸಣ್ಣ ಉಂಟು, ಕೆಲವೊಮ್ಮೆ ಇರುವುದೇ ಇಲ್ಲ. ಮತ್ತೆ ಪೋಸ್ಟೀರಿಯರ್ ಇಂಟರ್‌ಕ್ಯಾಲರಿ (ಸಾಲುಗಳ ನಡುವೆ ಸೇರಿಕೊಂಡದ್ದು) ಒಂದು, ತಳದಲ್ಲಿ ಆಂಟಏಪಿಕಲ್ ಒಂದು. ತಲೆಯ ನಾಲ್ಕು ಸೇರಿಸಿದ್ರೆ ಎಲ್ಲಾ ಒಟ್ಟು ಹೆಚ್ಚಂದ್ರೆ 18ರ ಹತ್ತಿರ ಬರ್ತದೆ. ನಿಮ್ಮದರಲ್ಲಿ ತಲೆ ಇಲ್ಲವಾದ್ರಿಂದ ಸುಮಾರು 14 ಸಿಗ್ಬೇಕು. 20, 22 ಬಂದ್ರೆ ಅದು ಬೇರೆಯೇ.

ಇನ್ನೊಂದು ಮಾತು, ಕೆಳಗಿನ ಮೇಲ್ಮೈ ನೋಡುವಾಗ ಎಡಬಲ ಉಲ್ಟಾ ಆಗ್ತದೆ. ಚಿತ್ರ ಬರೀವಾಗ ಮರೀಬೇಡಿ. ಪೇಪರ್‌ಗಳಲ್ಲೂ ಈ ತಪ್ಪು ಬಂದದ್ದು ನೋಡಿದ್ದೇನೆ.

ಶಹಾಬಾದ್_ಕಲ್ಲು (ಮುಂಬೈ)

ಏನ್ರೀ ಇದು, ಪ್ರಾಣಿ ಅದಾ ಗಿಡ ಅದಾ? ಮೊದ್ಲ ಅದ್ ಹೇಳ್ರಿ.

ಮಾಟುಂಗಾ_ಮೇಷ್ಟ್ರು (ಮುಂಬೈ)

ಎರಡೂ ಅಲ್ಲ. ಏಕಕೋಶದ ಪ್ರೋಟಿಸ್ಟ್. ಇಂದಿನ ವಂಶವೃಕ್ಷದಲ್ಲಿ ಆಲ್ವಿಯೊಲೇಟಾ ಅನ್ನೋ ಗುಂಪಿಗೆ ಸೇರುತ್ತೆ, ಅದೇ ಗುಂಪಲ್ಲಿ ಸಿಲಿಯೇಟ್‌ಗಳೂ ಮಲೇರಿಯಾದ ಪ್ಲಾಸ್ಮೋಡಿಯಮ್ಮೂ ಇವೆ. ಇವುಗಳಲ್ಲಿ ಸುಮಾರು ಅರ್ಧ ದ್ಯುತಿಸಂಶ್ಲೇಷಣೆ ಮಾಡೋವು, ಉಳಿದವು ಬೇರೆಯವನ್ನ ತಿಂದು ಬದುಕೋವು. ಆದರೆ ಹೆಸರಿಡೋ ನಿಯಮ ಸಸ್ಯಶಾಸ್ತ್ರದ್ದೇ, ಪಾಚಿ ಶಿಲೀಂಧ್ರ ಸಸ್ಯಗಳಿಗೆ ಇರೋ ಅಂತರರಾಷ್ಟ್ರೀಯ ಸಂಹಿತೆ. ಅದಕ್ಕೇ ಒಲಿಗೊಸ್ಫೇರಿಡಿಯಂ ಬರೆಯುವಾಗ ಮೂಲ ಹೆಸರು ಕೊಟ್ಟವರನ್ನ ಕಂಸದಲ್ಲಿ ಹಾಕಿ, ಕುಲ ಬದಲಾಯಿಸಿದವರನ್ನ ಹೊರಗೆ ಬರೀತೀವಿ: ಒಲಿಗೊಸ್ಫೇರಿಡಿಯಂ ಕಾಂಪ್ಲೆಕ್ಸ್ (ವೈಟ್ 1842) ಡೇವಿ ಮತ್ತು ವಿಲಿಯಮ್ಸ್ 1966. ವೈವಾದಲ್ಲಿ ಇದನ್ನ ತಪ್ಪಿಲ್ಲದೆ ಹೇಳಿದ್ರೆ ಎಕ್ಸಾಮಿನರ್‌ಗೆ ನಿಮ್ಮ ಮೇಲೆ ನಂಬಿಕೆ ಬರುತ್ತೆ.

ಡೊಂಬಿವಲಿ_ಡ್ರಿಲ್

ಮೇಷ್ಟ್ರು ಹೇಳಿದ ಆ ಎರಡು ಇಸವಿಗಳ ಮಧ್ಯೆಯೇ ನಿಮ್ಮ ಲೇಬಲ್ಲಿನ ಕಥೆ ಇದೆ. 1836ರಲ್ಲಿ ಬರ್ಲಿನ್‌ನಲ್ಲಿ ಎಹ್ರೆನ್‌ಬರ್ಗ್ ಚಕಮಕಿ ಕಲ್ಲಿನ ತೆಳು ಚಕ್ಕೆಯಲ್ಲಿ ಈ ಮುಳ್ಳಿನ ಗುಂಡುಗಳನ್ನ ನೋಡಿದ್ರು. ಕ್ಸಾಂಥಿಡಿಯಂ ಅನ್ನೋ ಸಿಹಿನೀರಿನ ಪಾಚಿ ಅಂದ್ಕೊಂಡ್ರು, ಆ ಹೆಸರೇ ಇಟ್ರು. ವೈಟ್ 1842ರಲ್ಲಿ ಹೆಸರಿಟ್ಟಾಗಲೂ ಕ್ಸಾಂಥಿಡಿಯಂ ಅಂತಾನೇ. ಆಮೇಲೆ ಜರ್ಮನಿಯವರು ಹಿಸ್ಟ್ರಿಕೊಸ್ಫಿಯರ್ ಅಂತ ಒಂದು ದೊಡ್ಡ ಗುಂಪು ಮಾಡಿ ಮುಳ್ಳಿರೋದನ್ನೆಲ್ಲ ಅದಕ್ಕೆ ಹಾಕಿದ್ರು, ಏನು ಜೀವಿ ಅಂತ ಯಾರಿಗೂ ಖಾತ್ರಿ ಇರಲಿಲ್ಲ. 1961ರಲ್ಲಿ ಅಮೆರಿಕದ ವಿಲಿಯಂ ಎವಿಟ್ ಬಂದು, ಈ ಮುಳ್ಳುಗಳು ನಿಂತಿರೋ ಜಾಗ ಡೈನೊಫ್ಲ್ಯಾಜೆಲೇಟ್ ಪ್ಲೇಟ್‌ಗಳಿಗೆ ಸರಿಹೊಂದುತ್ತೆ, ಬಾಯಿ ತೆರೆಯೋದೂ ಪ್ಲೇಟ್ ಪ್ರಕಾರಾನೇ, ಹಾಗಾಗಿ ಇವು ಡೈನೊಫ್ಲ್ಯಾಜೆಲೇಟ್‌ನ ಸಿಸ್ಟ್ ಅಂತ ತೋರಿಸಿಕೊಟ್ರು. ಎಂಥಾ ಕಣ್ಣು ನೋಡಿ ಆ ಮನುಷ್ಯಂದು! ನೂರಿಪ್ಪತ್ತು ವರ್ಷ ಎಲ್ಲರೂ ಮುಳ್ಳನ್ನೇ ನೋಡಿದ್ರು, ಅವರು ಮುಳ್ಳುಗಳ ನಡುವಿನ ಅಂತರ ನೋಡಿದ್ರು. ಸರಿಹೊಂದದೆ ಉಳಿದವನ್ನ 1963ರಲ್ಲಿ ಆಕ್ರಿಟಾರ್ಕ್ ಅಂತ ಬೇರೆ ಇಟ್ರು. ಆಮೇಲೆ 1966ರಲ್ಲಿ ಡೇವಿ ಮತ್ತು ವಿಲಿಯಮ್ಸ್ ಹಿಸ್ಟ್ರಿಕೊಸ್ಫೇರಿಡಿಯಂ ಕುಲವನ್ನ ಒಡೆದು, ಸಿಂಗ್ಯುಲಮ್ ಖಾಲಿ ಇರೋವನ್ನ ಒಲಿಗೊಸ್ಫೇರಿಡಿಯಂ ಅಂತ ಹೊರಗೆ ತೆಗೆದ್ರು, ಕಾಂಪ್ಲೆಕ್ಸ್ ಪ್ರಭೇದವನ್ನೇ ಆ ಕುಲದ ಟೈಪ್ ಮಾಡಿದ್ರು.

ಹಾಗಾಗಿ ಲೇಬಲ್ ಬರೆದವರು ಅವರ ಕಾಲಕ್ಕೆ ಸರಿಯಾಗೇ ಬರೆದಿದ್ದಾರೆ. ಹಳೇ ಲೇಬಲ್ ಕೀಳಬೇಡಿ, ಪಕ್ಕದಲ್ಲಿ ಹೊಸದು ಅಂಟಿಸಿ, ಯಾರು ಯಾವ ವರ್ಷ ಮರುಗುರುತು ಮಾಡಿದ್ರು ಅಂತ ಬರೀರಿ.

ಪಿಂಪ್ರಿ_ಪ್ರಶ್ನೆ

ಅಂದ್ರೆ ಗೊತ್ತಿಲ್ಲದಿದ್ದಕ್ಕೆಲ್ಲ ಆಕ್ರಿಟಾರ್ಕ್ ಅಂತ ಒಂದು ಫೋಲ್ಡರ್. ಇದು ಸೈನ್ಸಾ?

ಡೊಂಬಿವಲಿ_ಡ್ರಿಲ್

ಹೌದು ಸೈನ್ಸೇ. ಗೊತ್ತಿಲ್ಲದ್ದನ್ನ ಗೊತ್ತಿರೋದರ ಜೊತೆ ಬೆರೆಸದೆ ಬೇರೆ ಇಡೋದು ದೊಡ್ಡ ಶಿಸ್ತು. ಟ್ಯುನೀಶಿಯಾದ ಸೈಲೂರಿಯನ್ (ಡೈನೋಸಾರ್‌ಗಿಂತ ಬಹಳ ಹಿಂದಿನ ಯುಗ) ಕಲ್ಲಲ್ಲಿ ಸಿಕ್ಕ ಆರ್ಪಿಲೋರಸ್ ಅನ್ನೋದನ್ನ ಬಹಳ ಕಾಲ ಅತ್ಯಂತ ಹಳೇ ಡೈನೊಸಿಸ್ಟ್ ಅಂತ ಪುಸ್ತಕಗಳಲ್ಲಿ ಹಾಕ್ತಿದ್ರು, ಆಮೇಲೆ ಮತ್ತೆ ನೋಡಿದಾಗ ಅದು ಸಂಧಿಪದಿ ಪ್ರಾಣಿಯ ಚೂರು ಅಂತ ಆಯ್ತು. ಖಚಿತ ಡೈನೊಸಿಸ್ಟ್‌ಗಳು ಕಾಣೋದು ಡೈನೋಸಾರ್ ಹುಟ್ಟಿದ ಟ್ರಯಾಸಿಕ್ ಯುಗದಿಂದ.

ಶಹಾಬಾದ್_ಕಲ್ಲು

ನಮ್ಮ ಕಲಬುರ್ಗಿ ಕಡಿ ಶಹಾಬಾದ್ ಫರಸಿ ಕಲ್ಲಿನ್ಯಾಗ ಸಿಗ್ತಾವೇನ್ರೀ? ಸಣ್ಣಂದಿರತ ಆ ಕಲ್ಲಿನ ಮ್ಯಾಲೇ ಆಡಿ ಬೆಳದೀವಿ.

ಮಾಟುಂಗಾ_ಮೇಷ್ಟ್ರು

ಅದು ಭೀಮಾ ಬೇಸಿನ್ನಿನ ಸುಣ್ಣಕಲ್ಲು, ಪ್ರೋಟೆರೊಜೋಯಿಕ್. ಡೈನೊಸಿಸ್ಟ್‌ಗೆ ತುಂಬಾ ಹಳೇದು. ಅಂಥ ಕಲ್ಲಲ್ಲಿ ಹುಡುಕಬೇಕಾದ್ದು ಆಕ್ರಿಟಾರ್ಕ್.

ವಾಸ್ಕೊ_ವಿಜಾಪುರ

ಗೋವಾದಾಗ? ಇಲ್ಲಿ ಎಲ್ಲಿ ಅಗದ್ರೂ ಕೆಂಪ ಜಂಬಿಟ್ಟಿಗಿ.

ದೋಣಾಪಾವ್ಲ_ದಂಡೆ

ಜಂಬಿಟ್ಟಿಗೆಯಲ್ಲಿ ಏನೂ ಉಳಿಯುವುದಿಲ್ಲ, ಆಕ್ಸಿಡೇಶನ್ ಆದ ಮಣ್ಣಲ್ಲಿ ಸಾವಯವ ಗೋಡೆ ಕರಗಿಹೋಗ್ತದೆ. ಅದರ ಅಡಿಯಲ್ಲಿರುವ ಶಿಸ್ಟ್ ಇನ್ನೂ ಹಳೆಯದು, ಬಿಸಿಯಾಗಿ ರೂಪ ಬದಲಿಸಿದ್ದು. ಪುಣೆ ಮುಂಬೈಯವರಿಗೂ ಅದೇ ಕತೆ, ನಿಮ್ಮ ಕಾಲಡಿಯಲ್ಲಿರುವುದು ಡೆಕ್ಕನ್ ಬಸಾಲ್ಟ್, ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಮುಂಬೈಯ ವರ್ಳಿ ಕಡೆ ಲಾವಾ ಪದರಗಳ ನಡುವಿನ ಕೆಸರುಕಲ್ಲಲ್ಲಿ ಕಪ್ಪೆ ಪಳೆಯುಳಿಕೆ ಸಿಕ್ಕಿದೆ, 1847ರಲ್ಲಿ ಓವನ್ ವರ್ಣಿಸಿದ್ದು, ಈಗ ಇಂಡೊಬಟ್ರಾಕಸ್ ಅಂತ ಹೆಸರು. ಅದು ಸಿಹಿನೀರಿನ ಕೆರೆ, ಒಲಿಗೊಸ್ಫೇರಿಡಿಯಂನಂಥ ಕಡಲಿನ ಸಿಸ್ಟ್ ಅಲ್ಲಿ ನಿರೀಕ್ಷೆ ಮಾಡ್ಬಾರ್ದು. ನಮ್ಮ ಕಡೆ ಡೈನೊಸಿಸ್ಟ್ ಬೇಕಾದ್ರೆ ಕಡಲಿಗೇ ಹೋಗ್ಬೇಕು.

ಡೊಂಬಿವಲಿ_ಡ್ರಿಲ್

ಕಡಲಿಗೇ ಹೋಗಿದ್ವಿ. 1974ರಲ್ಲಿ ಸಾಗರ್ ಸಮ್ರಾಟ್ ಅನ್ನೋ ಡ್ರಿಲ್ಲಿಂಗ್ ರಿಗ್ ಮುಂಬೈ ಕಡಲಿನ ಬಾಂಬೆ ಹೈನಲ್ಲಿ ಎಣ್ಣೆ ಮುಟ್ಟಿದ ಮೇಲೆ ಈ ಶಾಸ್ತ್ರಕ್ಕೆ ಇಲ್ಲಿ ಕೆಲಸ ಜಾಸ್ತಿ ಆಯ್ತು. ಬಾವಿಯಿಂದ ಬರೋದು ಕೋರ್ (ಇಡೀ ಕಲ್ಲಿನ ಕಂಬ) ಕಡಿಮೆ, ಕಟಿಂಗ್ಸ್ (ಕೊರೆದಾಗ ಏಳೋ ಕಲ್ಲಿನ ಚೂರು) ಜಾಸ್ತಿ. ಕಟಿಂಗ್ಸ್‌ನಲ್ಲಿ ಮೇಲಿನ ಗೋಡೆಯಿಂದ ಚೂರು ಉದುರಿ ಕೆಳಗಿನ ಸ್ಯಾಂಪಲ್ಲಿಗೆ ಸೇರುತ್ತೆ, ಅದಕ್ಕೆ ಒಂದು ಪ್ರಭೇದ ಮೊದಲು ಹುಟ್ಟಿದ್ದು ಎಲ್ಲಿ ಅಂತ ಕಟಿಂಗ್ಸ್ ನೋಡಿ ಹೇಳೋದು ಅಪಾಯ. ಕೊನೇ ಸಲ ಕಾಣಿಸಿದ್ದು ಎಲ್ಲಿ, ಅಂದ್ರೆ ಮೇಲಿಂದ ಇಳೀತಾ ಮೊದಲು ಸಿಗೋದು ಎಲ್ಲಿ, ಅದನ್ನ ನಂಬ್ತೀವಿ. ನಾವು ಟಾಪ್ ಅಂತೀವಿ.

ಧಾರವಾಡದಮ್ಮ, ಇದನ್ನ ಯಾಕೆ ಹೇಳ್ದೆ ಅಂದ್ರೆ, ಒಲಿಗೊಸ್ಫೇರಿಡಿಯಂ ಕಾಂಪ್ಲೆಕ್ಸ್ ಒಂದನ್ನೇ ಹಿಡ್ಕೊಂಡು ವಯಸ್ಸು ಹೇಳೋಕೆ ಹೋಗಬೇಡಿ. ಅದು ಕ್ರಿಟೇಶಿಯಸ್ ಶುರುವಿನ ಕಡೆಯಿಂದ, ಡೈನೋಸಾರ್ ಹೋದ ಮೇಲಿನ ಇಯೊಸೀನ್ ತನಕ ಎಳ್ಕೊಂಡು ಬರೋ ದೀರ್ಘಾಯುಷಿ, ಪ್ರಪಂಚದ ಎಲ್ಲಾ ಕಡೆ ಸಿಗುತ್ತೆ. ಜೊತೆಗೆ ಯಾರ್ಯಾರು ಇದ್ದಾರೆ ನೋಡಿ. ದಪ್ಪ ಗಿಡ್ಡ ಪ್ರೋಸೆಸ್‌ನ ಲಿಟೊಸ್ಫೇರಿಡಿಯಂ ಸೈಫೊನಿಫೋರಂ ಸಿಕ್ಕಿದ್ರೆ ಬಹಳ ಉಪಯೋಗ, ಅದು ಸೆನೊಮೇನಿಯನ್ (ಕ್ರಿಟೇಶಿಯಸ್‌ನ ಒಂದು ಹಂತ) ಕೊನೆ ಹೊತ್ತಿಗೆ ಹೊರಟುಹೋಗುತ್ತೆ.

ಕೊಥ್ರೂಡ್_ಧಾರವಾಡದಾಕಿ

ಇವತ್ತ ಮಧ್ಯಾಹ್ನ ಲ್ಯಾಬಿನ್ಯಾಗ ಕುಂತು ಆಯಿಲ್ ಇಮ್ಮರ್ಶನ್ ಹಾಕಿ ನೋಡಿದೆ. ಬಾಯಿ ಅಂಚಿನ್ಯಾಗ ಆಳನ ಕಚ್ಚು ಸಿಕ್ಕೇತಿ. ಅದನ್ನ ಹೊಟ್ಟಿ ಕಡಿ ಅಂತ ಇಟಕೊಂಡು ಎಣಿಸಿದ್ರ ಮ್ಯಾಲಿನ ಸುತ್ತಿಗೆ ಆರು ಬರಾಕತ್ತಾವ. ಅವುಗಳ ಕೆಳಗ ನಡುಪಟ್ಟಿ ಪೂರಾ ಖಾಲಿ, ಒಂದೂ ಇಲ್ಲ. ಕೆಳಗಿನ ಸುತ್ತಿನ್ಯಾಗ ಐದು ಖಾತ್ರಿ, ಒಂದು ಸಣ್ಣದು ಐತೋ ಅಥವಾ ಕಸ ಅಂಟೇತೋ ಅನ್ನೂವಂಗ ಐತಿ. ತಳದ್ದು ಒಂದು ಸ್ವಲ್ಪ ದಪ್ಪ. ಪ್ರೋಸೆಸ್ ಉದ್ದ 28ರಿಂದ 33 ಮೈಕ್ರಾನ್. ತುದಿ ಹರಿದ ಕಹಳಿ ಬಾಯಿ ಹಂಗ ಅರಳಿ, ಅಂಚಿನಿಂದ ಐದಾರು ಚೂಪು ಮುಳ್ಳು ಹೊರಗ ಬಾಗ್ಯಾವ. ಅರಳಿದ ಭಾಗದಾಗ ತೂತು ಮಾತ್ರ ಇಲ್ಲ.

ಈಗ ನನ್ನ ಡೌಟು, ಬಾಜೂ ಸ್ಲೈಡಿನ್ಯಾಗ ಇಂಥದ್ದ ಇನ್ನೊಂದು ಐತಿ, ಆದ್ರ ಪ್ರೋಸೆಸ್ ಭಾಳ ಗಿಡ್ಡ. ಅದು ಬ್ಯಾರೆ ಪ್ರಭೇದ ಅನ್ನಬೇಕ?

ದೋಣಾಪಾವ್ಲ_ದಂಡೆ

ಚಂದ ನೋಡಿದ್ದೀರಿ ಮಾರಾಯ್ರೆ! ತೂತು ಇಲ್ಲ ಅಂತ ಬರೆದದ್ದು ತುಂಬ ಮುಖ್ಯ, ಯಾಕಂದ್ರೆ ಅರಳಿದ ಭಾಗ ಜಾಲರಿಯ ಹಾಗೆ ತೂತುತೂತಾಗಿದ್ರೆ ಒಲಿಗೊಸ್ಫೇರಿಡಿಯಂ ಪಲ್ಕೆರಿಮಂ ಕಡೆ ಯೋಚನೆ ಮಾಡ್ಬೇಕಿತ್ತು. ಅಡ್ಡ ಬೆಲ್ಟ್ ಖಾಲಿ, ಏಪಿಕಲ್ ಆರ್ಕಿಯೊಪೈಲ್, ಪ್ಲೇಟ್‌ಗೆ ಒಂದೇ ಪ್ರೋಸೆಸ್, ತುದಿ ತೂತಿಲ್ಲದೆ ಅರಳಿ ಮುಳ್ಳಾದದ್ದು. ನನ್ನ ಪ್ರಕಾರ ಕಾಂಪ್ಲೆಕ್ಸ್.

ಗಿಡ್ಡ ಪ್ರೋಸೆಸ್ ನೋಡಿ ಬೇರೆ ಪ್ರಭೇದ ಮಾಡ್ಬೇಡಿ. ಈಗಲೂ ಬದುಕಿರುವ ಲಿಂಗ್ಯುಲೊಡಿನಿಯಂ ಮಾಕೆರೊಫೋರಂನಲ್ಲಿ ನೀರಿನ ಉಪ್ಪು ಮತ್ತು ಉಷ್ಣತೆ ಬದಲಾದ್ರೆ ಪ್ರೋಸೆಸ್ ಉದ್ದವೂ ಬದಲಾಗ್ತದೆ ಅಂತ ಅಳೆದು ತೋರಿಸಿದ್ದಾರೆ, ಉಪ್ಪು ಕಮ್ಮಿ ಇರುವಲ್ಲಿ ಗಿಡ್ಡ. ಹಾಗಿರುವಾಗ ಪಳೆಯುಳಿಕೆಯಲ್ಲಿ ಉದ್ದವೊಂದನ್ನೇ ನಂಬಿ ಹೊಸ ಹೆಸರಿಟ್ರೆ ನಾವು ನೀರಿನ ಉಪ್ಪಿಗೆ ಹೆಸರಿಟ್ಟ ಹಾಗಾಗ್ತದೆ. ಜಾಗ, ಸಂಖ್ಯೆ, ಬಾಯಿ. ಇವು ಸುಲಭಕ್ಕೆ ಬದಲಾಗುವುದಿಲ್ಲ.

ಮಾಟುಂಗಾ_ಮೇಷ್ಟ್ರು

ಇಲ್ಲಿ ನನ್ನದೊಂದು ತಕರಾರಿದೆ. ಲಿಂಗ್ಯುಲೊಡಿನಿಯಂ ಮಾಕೆರೊಫೋರಂ ಅಂದ್ರಿ, ಅದು ಸಿಸ್ಟ್ ಹೆಸರು. ಈಜಾಡೋ ರೂಪಕ್ಕೆ ಪಾಲಿಯೆಡ್ರಾ ಅಂತ ಬೇರೆ ಹೆಸರು. ಪ್ರೊಟೊಸೆರೇಶಿಯಂ ರೆಟಿಕ್ಯುಲೇಟಂ ಈಜುತ್ತೆ, ಅದರ ಸಿಸ್ಟ್‌ಗೆ ಒಪರ್ಕ್ಯುಲೊಡಿನಿಯಂ ಸೆಂಟ್ರೊಕಾರ್ಪಂ. ಒಂದೇ ಜೀವಿ, ಒಂದೇ ಡಿಎನ್ಎ, ಎರಡು ಪಟ್ಟಿಯಲ್ಲಿ ಎರಡು ಹೆಸರು. ಶಿಲೀಂಧ್ರದವರು ಇಂಥ ಜೋಡಿ ಹೆಸರನ್ನ 2011ರ ಮೆಲ್ಬೋರ್ನ್ ಸಮ್ಮೇಳನದಲ್ಲೇ ಕೈಬಿಟ್ರು. ಡೈನೊಫ್ಲ್ಯಾಜೆಲೇಟ್‌ನವರು ಯಾಕೆ ಬಿಡಬಾರದು? ಮಕ್ಕಳಿಗೆ ಪಾಠ ಮಾಡೋರಿಗೆ ಇದರ ಕಷ್ಟ ಗೊತ್ತು.

ದೋಣಾಪಾವ್ಲ_ದಂಡೆ

ಸರ್, ಪಾಠ ಮಾಡುವವರ ಕಷ್ಟ ಒಪ್ಪುತ್ತೇನೆ, ಆದ್ರೆ ಒಂದೇ ಹೆಸರು ಮಾಡಿದ್ರೆ ನಾವು ಸುಳ್ಳು ಹೇಳಿದ ಹಾಗಾಗ್ತದೆ. ಒಲಿಗೊಸ್ಫೇರಿಡಿಯಂ ಈಜುವ ರೂಪವನ್ನು ಯಾರೂ ನೋಡ್ಲಿಲ್ಲ, ನೋಡ್ಲಿಕ್ಕೆ ಸಾಧ್ಯವೂ ಇಲ್ಲ, ಕುಲವೇ ಅಳಿದುಹೋಗಿದೆ. ಇನ್ನು ಬದುಕಿರುವವುಗಳಲ್ಲಿ ಗೊನಿಯಾಲಕ್ಸ್ ಸ್ಪಿನಿಫೆರಾ ಅಂತ ನಾವು ಹೇಳುವ ಒಂದು ಗುಂಪು ಸ್ಪಿನಿಫೆರೈಟಿಸ್‌ನ ಬೇರೆ ಬೇರೆ ನಮೂನೆ ಸಿಸ್ಟ್ ಮಾಡ್ತದೆ. ಒಂದಕ್ಕೊಂದು ಸರಿಯಾದ ಜೋಡಿ ಇಲ್ಲ ಸರ್. ಮತ್ತೆ ಜೀವಂತ ಡೈನೊಫ್ಲ್ಯಾಜೆಲೇಟ್‌ಗಳಲ್ಲಿ ಸಿಸ್ಟ್ ಮಾಡುವುದೇ ಸುಮಾರು ನೂರಕ್ಕೆ ಹದಿನೈದು, ಉಳಿದವಕ್ಕೆ ಕಲ್ಲಿನ ದಾಖಲೆಯೇ ಇಲ್ಲ.

ಮಾಟುಂಗಾ_ಮೇಷ್ಟ್ರು

ಅಳಿದ ಕುಲದ ವಿಷಯ ಬಿಡಿ, ಅದಕ್ಕೆ ನನ್ನದೂ ತಕರಾರಿಲ್ಲ. ನಾನು ಹೇಳ್ತಿರೋದು ಕಲ್ಚರ್‌ನಲ್ಲಿ ಬೆಳೆಸಿ, ಈ ಸಿಸ್ಟ್‌ನಿಂದ ಇದೇ ಕೋಶ ಹೊರಬಂತು ಅಂತ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡವುಗಳ ವಿಷಯ. ಅಲ್ಲೂ ಎರಡು ಹೆಸರು ಹಿಡ್ಕೊಂಡು ಕೂರೋದು ಅಭ್ಯಾಸಬಲ ಅಷ್ಟೇ ಅಂತ ನನಗೆ ಅನ್ಸುತ್ತೆ.

ಡೊಂಬಿವಲಿ_ಡ್ರಿಲ್

ಅಭ್ಯಾಸಬಲ ಅಲ್ಲ ಮೇಷ್ಟ್ರೇ. ನಾಳೆ ಆ ಜೀವಶಾಸ್ತ್ರದ ಹೆಸರು ಬದಲಾಗುತ್ತೆ, ಬದಲಾಗ್ತಾನೇ ಇದೆ, ಪಾಲಿಯೆಡ್ರಾ ಎಷ್ಟು ಕುಲ ತಿರುಗಿದೆ ನೋಡಿ, ಗೊನಿಯಾಲಕ್ಸ್ ಆಗಿತ್ತು, ಲಿಂಗ್ಯುಲೊಡಿನಿಯಂ ಆಯ್ತು, ಈಗ ಲಿಂಗ್ಯುಲಾಲಕ್ಸ್ ಅಂತಾರೆ. ಬಾವಿ ಲಾಗ್‌ನಲ್ಲಿ, ಅಂದ್ರೆ ತೈಲ ಬಾವಿಯ ದಾಖಲೆಯಲ್ಲಿ, ಹಿಂದೆ ಬರೆದಿದ್ದನ್ನ ಇವತ್ತು ಓದಿದ್ರೂ ಅದೇ ಸಿಸ್ಟ್ ಅಂತ ಗೊತ್ತಾಗಬೇಕು. ಸಿಸ್ಟ್‌ನ ಹೆಸರು ಸಿಸ್ಟ್ ನೋಡಿ ಇಟ್ಟಿರೋದು, ಅದರ ಪಾಡಿಗೆ ಅದು ಇರಲಿ.

ಕುಂದಾಪ್ರ_ಬೊಂಬಾಯಿ (ಮುಂಬೈ)

ಎಂತ ಮಾತಾಡ್ತಾ ಇದ್ರಿ ಅಂತ ಅರ್ಧ ತಿಳೂದಿಲ್ಲೆ, ಆರೆ ಒಂದ್ ಕೇಣ್ತೆ. ಜುಹು ಬೀಚಂಗೆ ರಾತ್ರಿ ನೀರು ನೀಲಿ ಮಿಂಚ್ತ್ ಅಲ್ದಾ, ಅದೂ ಇದೇ ಜಾತಿಯಾ?

ದೋಣಾಪಾವ್ಲ_ದಂಡೆ

ಹೌದು, ಅದು ನಾಕ್ಟಿಲ್ಯೂಕ, ಅದೂ ಡೈನೊಫ್ಲ್ಯಾಜೆಲೇಟೇ. ಹಗಲಲ್ಲಿ ಹಸಿರು ಪಾಯಸದ ಹಾಗೆ ಕಾಣ್ತದೆ, ಒಳಗೆ ಹಸಿರು ಪಾಚಿ ಸಾಕ್ಕೊಂಡಿರ್ತದೆ, ಚಳಿಗಾಲದಲ್ಲಿ ಅರಬ್ಬಿ ಸಮುದ್ರದಲ್ಲಿ ಇಷ್ಟಗಲ ಹರಡ್ತದೆ. ಆದ್ರೆ ಅದಕ್ಕೆ ಪ್ಲೇಟ್ ಇಲ್ಲ, ಕಲ್ಲಲ್ಲಿ ಉಳಿಯುವ ಸಿಸ್ಟೂ ಇಲ್ಲ.

ಕುಂದಾಪ್ರ_ಬೊಂಬಾಯಿ

ಮರುವಾಯಿ (ಚಿಪ್ಪು) ತಿಂದ್ರೆ ವಿಷ ಆತ್ತ್ ಅಂಬ್ರಲ್ಲ, ಅದ್ ಇದ್ರಿಂದ್ಲಾ? ನಮ್ ಹೋಟ್ಲಂಗೆ ಗಿರಾಕಿ ಕೇಣ್ತ್ರ್.

ದೋಣಾಪಾವ್ಲ_ದಂಡೆ

ನಾಕ್ಟಿಲ್ಯೂಕದಿಂದ ಅಲ್ಲ. ಬೇರೆ ಕೆಲವು ಡೈನೊಫ್ಲ್ಯಾಜೆಲೇಟ್ ಸಾಕ್ಸಿಟಾಕ್ಸಿನ್ ಅನ್ನುವ ವಿಷ ಮಾಡ್ತವೆ, ಚಿಪ್ಪಿನ ಪ್ರಾಣಿಗಳು ಅದನ್ನು ಸೋಸಿ ತಿಂದು ಮೈಯಲ್ಲಿ ತುಂಬಿಸಿಕೊಳ್ತವೆ. 1983ರಲ್ಲಿ ಮಂಗಳೂರಿನ ಹತ್ತಿರ ಕುಂಬಳೆಯಲ್ಲಿ ಮರುವಾಯಿ ತಿಂದು ಜನ ಅಸ್ವಸ್ಥರಾಗಿ ಸಾವೂ ಆಗಿತ್ತು. ಬೇಯಿಸಿದ್ರೆ ಆ ವಿಷ ಹೋಗುವುದಿಲ್ಲ ಅನ್ನುವುದನ್ನು ಹೋಟೆಲಿನವರು ತಿಳ್ಕೊಂಡಿರ್ಬೇಕು. ನೀರಿನ ಬಣ್ಣ ಬದಲಾದ ಜಾಗದ ಚಿಪ್ಪು ತಗೊಳ್ಳಬೇಡಿ. ಸಿಸ್ಟ್ ಇದಕ್ಕೆ ಯಾಕೆ ಮುಖ್ಯ ಅಂದ್ರೆ, ಈ ವರ್ಷ ಕೆಸರಿಗೆ ಬಿದ್ದ ಸಿಸ್ಟ್ ಮುಂದೆ ಯಾವಾಗಲೋ ಮೊಳೆತು ಮತ್ತೆ ಬ್ಲೂಮ್ ಆಗ್ಬಹುದು, ಅಂದ್ರೆ ನೀರು ತುಂಬ ಒಮ್ಮೆಲೇ ಹರಡ್ಬಹುದು. ಸ್ವೀಡನ್ನಿನ ಕೊಲ್ಯೊ ಫಿಯೋರ್ಡ್‌ನ ಕೆಸರಿಂದ ಸುಮಾರು 100 ವರ್ಷ ಹಳೆಯ ಸಿಸ್ಟ್ ತೆಗೆದು ಮೊಳಕೆ ಬರಿಸಿದ್ದಾರೆ.

ಶಹಾಬಾದ್_ಕಲ್ಲು

ನೂರು ವರ್ಷ!! ಅಬಬಬ.

ಕೊಥ್ರೂಡ್_ಧಾರವಾಡದಾಕಿ

ಎಲ್ಲಾರೂ ಮರುವಾಯಿಗೆ ಹೊಂಟ್ರಿ, ನನ್ನ ಕ್ಲಾಸಿಫಿಕೇಶನ್ ಅರ್ಧಕ್ಕ ನಿಂತೈತಿ ನೋಡ್ರಿ.

ಡೊಂಬಿವಲಿ_ಡ್ರಿಲ್

ಬರ್ಕೊಳಮ್ಮ. ವಿಭಾಗ ಡೈನೊಫ್ಲ್ಯಾಜೆಲೇಟಾ, ವರ್ಗ ಡೈನೊಫೈಸೀ, ಗಣ ಗೊನಿಯಾಲಕೇಲೀಸ್, ಕುಟುಂಬ ಗೊನಿಯಾಲಕೇಸೀ, ಉಪಕುಟುಂಬ ಲೆಪ್ಟೊಡಿನಿಯಾಯ್ಡೀ. 1993ರಲ್ಲಿ ಫೆನ್ಸಮ್ ಮತ್ತೆ ಜೊತೆಯವರು ಜೀವಂತ, ಪಳೆಯುಳಿಕೆ ಎರಡನ್ನೂ ಸೇರಿಸಿ ಮಾಡಿದ ವಿಂಗಡಣೆ ಇದು, ಇವತ್ತಿಗೂ ಸಿಸ್ಟ್ ಕೆಲಸ ಮಾಡೋರು ಅದನ್ನೇ ಹಿಡೀತಾರೆ. ಬರೀ ಬಾಯಿಪಾಠ ಮಾಡಬೇಡಿ. ಗೊನಿಯಾಲಕೇಲೀಸ್ ಯಾಕೆ ಅಂತ ಕೇಳಿದ್ರೆ, ಏಪಿಕಲ್ ನಾಲ್ಕು, ಪ್ರೀಸಿಂಗ್ಯುಲರ್ ಆರು, ತಳದಲ್ಲಿ ಆಂಟಏಪಿಕಲ್ ಒಂದೇ ಅಂತ ಹೇಳಿ. ಪೆರಿಡಿನಿಯೇಲೀಸ್ ಆಗಿದ್ರೆ ಸಾಮಾನ್ಯವಾಗಿ ಪ್ರೀಸಿಂಗ್ಯುಲರ್ ಏಳು, ಆಂಟಏಪಿಕಲ್ ಎರಡು, ಆರ್ಕಿಯೊಪೈಲ್ ಬಹಳ ಸಲ ಇಂಟರ್‌ಕ್ಯಾಲರಿ. ಪ್ರೋಸೆಸ್ ಉದ್ದ ಇದ್ದು ಮೈಯಿಂದ ದೂರ ಚಾಚಿರೋದಕ್ಕೆ ಕೋರೇಟ್ ಸಿಸ್ಟ್ ಅಂತ ರೂಪದ ಹೆಸರೂ ಸೇರಿಸಿ.

ಮಾಟುಂಗಾ_ಮೇಷ್ಟ್ರು

ಒಂದು ಸಲಹೆ. ಬಾಜೂ ಸ್ಯಾಂಪಲ್‌ನಿಂದ ನೀವೇ ಹೊಸ ಸ್ಲೈಡ್ ಮಾಡೋದಾದ್ರೆ ಪರಾಗಕಣದವರ ಹಾಗೆ ಅಸಿಟೊಲಿಸಿಸ್ (ಆಸಿಡ್ ಮಿಶ್ರಣದಲ್ಲಿ ಬಿಸಿ ಮಾಡಿ ತೊಳೆಯೋದು) ಕೊಡಿ, ಬಣ್ಣ ಬಂದು ಸ್ಪಷ್ಟ ಕಾಣುತ್ತೆ.

ದೋಣಾಪಾವ್ಲ_ದಂಡೆ

ದಯವಿಟ್ಟು ಬೇಡ ಸರ್! ಗೊನಿಯಾಲಕಾಯ್ಡ್ ಸಿಸ್ಟ್ ಹೇಗೋ ತಡ್ಕೊಳ್ತದೆ, ಆದ್ರೆ ಕಂದು ಬಣ್ಣದ ಪ್ರೊಟೊಪೆರಿಡಿನಿಯಂ ಜಾತಿಯವು ಅಸಿಟೊಲಿಸಿಸ್‌ನಲ್ಲಿ, ಆಕ್ಸಿಡೈಸ್ ಮಾಡಿದ್ರಲ್ಲಿ ಮಾಯ ಆಗ್ತವೆ. ಆಮೇಲೆ ಎಣಿಸಿದ ಪಟ್ಟಿ ನೋಡಿ ಈ ಕಡಲಲ್ಲಿ ಅವು ಇರ್ಲೇ ಇಲ್ಲ ಅಂತ ಬರೀತಾರೆ. ಹೈಡ್ರೋಕ್ಲೋರಿಕ್, ಹೈಡ್ರೋಫ್ಲೋರಿಕ್, 10 ಇಲ್ಲ 15 ಮೈಕ್ರಾನ್ ಜರಡಿ, ಗ್ಲಿಸರಿನ್ ಜೆಲ್ಲಿ, ಅಷ್ಟು ಸಾಕು. ಸಿಸ್ಟ್ ಗೋಡೆಯ ಡೈನೊಸ್ಪೋರಿನ್ ಅನ್ನುವ ಗಟ್ಟಿ ವಸ್ತು ಆ ಎರಡು ಆಸಿಡ್‌ಗೆ ಜಗ್ಗುವುದಿಲ್ಲ.

ಡೊಂಬಿವಲಿ_ಡ್ರಿಲ್

ಇದನ್ನ ಪೂರ್ತಿ ಒಪ್ಪಿದೆ. ಆದ್ರೆ ಹುಡುಗೀ, ಹೈಡ್ರೋಫ್ಲೋರಿಕ್ ಅಂತ ಹಗುರವಾಗಿ ತಗೋಬೇಡ. ನೀರಿನ ಹಾಗೆ ಕಾಣುತ್ತೆ, ಚರ್ಮದ ಮೇಲೆ ಬಿದ್ರೆ ತಕ್ಷಣ ಉರಿ ಕೂಡ ಆಗದೇ ಇರಬಹುದು, ಒಳಗಿಳಿದು ರಕ್ತದ ಕ್ಯಾಲ್ಸಿಯಂ ಹಿಡ್ಕೊಳ್ಳುತ್ತೆ, ಜೀವ ಹೋಗುತ್ತೆ. ಫ್ಯೂಮ್ ಹುಡ್ ಕೆಲಸ ಮಾಡ್ತಿದೆಯಾ ಪರೀಕ್ಷೆ ಮಾಡು, ಪ್ಲಾಸ್ಟಿಕ್ ಬೀಕರ್ ಮಾತ್ರ, ಗಾಜು ತಿಂದುಹಾಕುತ್ತೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕೋ ಹಾಗೆ ಇರಬೇಕು, ಒಬ್ಬಳೇ ಇರೋವಾಗ ಮಾಡಲೇಬಾರದು. ಜೆಲ್ ಇಲ್ಲ ಅಂದ್ರೆ ಸ್ಯಾಂಪಲ್ ಮುಟ್ಟಬೇಡ, ಡಿಗ್ರಿ ಒಂದು ವರ್ಷ ತಡ ಆದ್ರೂ ಚಿಂತೆ ಇಲ್ಲ.

ಕೊಥ್ರೂಡ್_ಧಾರವಾಡದಾಕಿ

ನಮ್ಮಲ್ಲೆ ಹುಡ್ ಕೆಟ್ಟು ಕುಂತೈತ್ರಿ ಸರ್, ಅದಕ್ಕ ಹೊಸ ಸ್ಯಾಂಪಲ್ ಈಗ ಮಾಡಂಗಿಲ್ಲ, ಇದ್ದ ಸ್ಲೈಡಷ್ಟ ನೋಡಿ ಮುಗಸ್ತೇನಿ. ಇವತ್ತ ಇಂಗ್ಲೆಂಡ್ ಫೈಂಡರ್ (ಸ್ಲೈಡಿನ ಮ್ಯಾಲಿನ ಜಾಗ ಗುರುತಿಸೂ ಚೌಕಳಿ ಗಾಜು) ಇಟ್ಟು ಆ ಸಿಸ್ಟಿನ ಜಾಗ ಬರಕೊಂಡೆ, ಮುಂದ ಯಾರರ ನೋಡಬೇಕಂದ್ರ ಅದ ಕಣ ಸಿಗಬೇಕಲ್ಲ. ಆಮ್ಯಾಲೆ ಬಾಜೂ ಸ್ಲೈಡಿನ್ಯಾಗ ಬಿಡಿ ಬಿದ್ದ ಒಂದು ಮುಚ್ಚಳನೂ ಸಿಕ್ತು, ನಾಕು ಪ್ರೋಸೆಸ್ ಐತಿ ಅದಕ್ಕ. ನೋಡಿ ಎಷ್ಟ ಖುಷಿ ಆತು ಅಂತ ಹೇಳಾಕ ಆಗವಲ್ದು. ಸರ್‌ಗೆ ತೋರಿಸಿದೆ, ಅವರು ಐದು ನಿಮಿಷ ಐಪೀಸ್‌ನಿಂದ ಕಣ್ಣ ತಗೀಲಿಲ್ಲ. ಒಲಿಗೊಸ್ಫೇರಿಡಿಯಂ ಅಂತ ಬರಿ ಅಂದ್ರು.

ಮಾಟುಂಗಾ_ಮೇಷ್ಟ್ರು

ಭೇಷ್. ಆ ಮುಚ್ಚಳದ ಚಿತ್ರ ಡಿಸರ್ಟೇಶನ್ನಿನ ಚಿತ್ರಪುಟದಲ್ಲಿ ಖಂಡಿತ ಹಾಕಿ.

ಪಿಂಪ್ರಿ_ಪ್ರಶ್ನೆ

ನನ್ನ ಮಗಳಿಗೆ ಮೈಕ್ರೋಸ್ಕೋಪ್ ಇದೆ, 400 ಪಟ್ಟು ತೋರ್ಸುತ್ತೆ. ಗೋವಾಕ್ಕೆ ಬಂದಾಗ ಈಗಿನ ಸಿಸ್ಟ್ ನೋಡೋಕೆ ಆಗುತ್ತಾ? ಆಸಿಡ್ ಇಲ್ಲದೆ?

ದೋಣಾಪಾವ್ಲ_ದಂಡೆ

ಆಗ್ತದೆ, ಆಸಿಡ್ ಬೇಡವೇ ಬೇಡ. ಮರಳು ಬೇಡ, ಜುವಾರಿಯಂಥ ಅಳಿವೆಯ ಮೆತ್ತಗಿನ ಕೆಸರು ಬೇಕು, ಇಳಿತದ ಹೊತ್ತಿಗೆ, ಸ್ಥಳೀಯರು ಯಾರಾದ್ರೂ ಜೊತೆಗಿರಲಿ, ಕಾಲು ಹೂತ್ಕೊಳ್ಳುವ ಜಾಗ ಉಂಟು. ಮೇಲಿನ ಎರಡು ಸೆಂಟಿಮೀಟರ್ ಮಾತ್ರ ಚಮಚದಲ್ಲಿ ತೆಗೆದು ಡಬ್ಬಿ ತುಂಬಿಸಿ, ಬೆಳಕು ಬೀಳದ ಹಾಗೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಮನೆಗೆ ಹೋಗಿ ಚಿಟಿಕೆ ಕೆಸರನ್ನು ಸೋಸಿದ ಸಮುದ್ರದ ನೀರಲ್ಲಿ ಚೆನ್ನಾಗಿ ಅಲ್ಲಾಡಿಸಿ, 100 ಮೈಕ್ರಾನ್ ಜಾಲರಿಯಲ್ಲಿ ದಾಟಿಸಿ 20 ಮೈಕ್ರಾನ್‌ನದರಲ್ಲಿ ನಿಂತದ್ದನ್ನು ಸ್ಲೈಡ್‌ಗೆ ಹಾಕಿ. ಸ್ಪಿನಿಫೆರೈಟಿಸ್, ಕಂದು ದುಂಡು ಪ್ರೊಟೊಪೆರಿಡಿನಿಯಂ ಸಿಗುವ ಸಾಧ್ಯತೆ ಚೆನ್ನಾಗುಂಟು. ಒಳಗೆ ಹಸಿರೋ ಕೆಂಪು ಚುಕ್ಕೆಯೋ ತುಂಬಿಕೊಂಡಿದ್ರೆ ಜೀವಂತ ಇದೆ ಅಂತ, ಖಾಲಿ ಇದ್ರೆ ಬಾಯಿ ಎಲ್ಲಿ ತೆರೆದಿದೆ ಅಂತ ಮಗಳಿಗೆ ಹುಡುಕ್ಲಿಕ್ಕೆ ಹೇಳಿ.